ನಾನೂರು ಗ್ಯಾಲನ್ ಎಂದರೆ ಎಷ್ಟು ಲೀಟರ್?

ಪ್ರಶ್ನೆ: ಮಲ್ಲೇಶ್ವರದಲ್ಲಿ ನಮ್ಮ ತಾತನವರು ಕಟ್ಟಿಸಿದ ಮನೆಯ ನಕ್ಷೆಯಲ್ಲಿ ನೀರಿನ ತೊಟ್ಟಿಯ ಪಕ್ಕ ‘400 ಗ್ಯಾಲನ್’ ಎಂದು ಬರೆದಿದೆ. ಗ್ಯಾಲನ್ನಿಗೆ 3.785 ಲೀಟರ್ ಎಂದು ಮೊಬೈಲಿನಲ್ಲಿ ನೋಡಿದ ಮಗಳು 1,514 ಲೀಟರ್ ಎಂದು ಲೆಕ್ಕ ಹಾಕಿದಳು. ಆದರೆ ತೊಟ್ಟಿಯ ಒಳಗಿನ ಉದ್ದ, ಅಗಲ, ಆಳ ಮೂರೂ ನಾಲ್ಕು ನಾಲ್ಕು ಅಡಿಯಿದ್ದು, ಅದು 1,800 ಲೀಟರಿಗೂ ಹೆಚ್ಚು ನೀರು ಹಿಡಿಯುತ್ತದೆ. ತಪ್ಪು ಎಲ್ಲಿದೆ? ತಾತನವರ ಇಂಗ್ಲಿಷ್ ಕೃಷಿ ಪುಸ್ತಕದಲ್ಲಿ ಬರುವ ಪೆಕ್, ಬುಶೆಲ್‌ಗಳೂ ನೀರಿನ ಅಳತೆಗಳೇ?

ಉತ್ತರ: ನಕ್ಷೆಯೂ ಸರಿಯಾಗಿದೆ, ತೊಟ್ಟಿಯೂ ಸರಿಯಾಗಿದೆ. ನಿಮ್ಮ ಮಗಳ ಗುಣಾಕಾರದಲ್ಲಿಯೂ ತಪ್ಪಿಲ್ಲ. ಆಕೆ ಹಿಡಿದದ್ದು ಅಮೆರಿಕದ ಗ್ಯಾಲನ್, ತಾತನವರು ಬರೆದದ್ದು ಬ್ರಿಟಿಷ್ ಗ್ಯಾಲನ್. ಬ್ರಿಟಿಷ್ ಗ್ಯಾಲನ್ನಿಗೆ 4.546 ಲೀಟರ್. ನಿಮ್ಮ ತೊಟ್ಟಿಯ 64 ಘನ ಅಡಿಗೆ ಸುಮಾರು 1,812 ಲೀಟರ್, ಅಂದರೆ 399 ಗ್ಯಾಲನ್ ಹಿಡಿಯುತ್ತದೆ. ಒಂದು ಗ್ಯಾಲನ್ನಿನಷ್ಟು ಮಾತ್ರ ವ್ಯತ್ಯಾಸ ಬರುವಂತೆ ಕಟ್ಟಿದ ಆ ಗಾರೆಯವರ ಕೆಲಸವನ್ನು ಮೆಚ್ಚಲೇಬೇಕು.

ಒಂದೇ ಹೆಸರಿಗೆ ಎರಡು ಅಳತೆ ಬಂದದ್ದು ಹೀಗೆ. ಇಂಗ್ಲೆಂಡಿನಲ್ಲಿ ಮೊದಲು ಅಳೆಯುವ ಪದಾರ್ಥಕ್ಕೆ ತಕ್ಕಂತೆ ಗ್ಯಾಲನ್ ಬದಲಾಗುತ್ತಿತ್ತು: ದ್ರಾಕ್ಷಾರಸಕ್ಕೆ 231 ಘನ ಅಂಗುಲ, ಏಲ್ ಎಂಬ ಬಿಯರಿಗೆ 282, ಧಾನ್ಯಕ್ಕೆ ಸುಮಾರು 268.8. ಈ ಗೊಂದಲವನ್ನು ತೊಡೆಯಲು 1824ರಲ್ಲಿ ಬ್ರಿಟಿಷ್ ಸಂಸತ್ತು ಕಾಯ್ದೆ ಮಾಡಿ, 62 ಡಿಗ್ರಿ ಫ್ಯಾರನ್‌ಹೀಟ್ ಉಷ್ಣತೆಯಲ್ಲಿ ಹತ್ತು ಪೌಂಡ್ ತೂಗುವ ಭಟ್ಟಿ ಇಳಿಸಿದ ನೀರು ಹಿಡಿಸುವ ಪ್ರಮಾಣವೇ ಎಲ್ಲಕ್ಕೂ ಒಂದು ಗ್ಯಾಲನ್ ಎಂದು ಗೊತ್ತುಪಡಿಸಿತು. ಅಳತೆಯನ್ನು ತೂಕಕ್ಕೆ ಕಟ್ಟಿಹಾಕಿದ ಈ ಉಪಾಯ ನನಗೆ ಬಹಳ ಹಿಡಿಸುತ್ತದೆ, ಏಕೆಂದರೆ ಒಳ್ಳೆಯ ತಕ್ಕಡಿಯೊಂದಿದ್ದರೆ ಯಾವ ಊರಿನಲ್ಲಿದ್ದರೂ ಕೊಳಗವನ್ನು ಪರೀಕ್ಷಿಸಬಹುದಾಗಿತ್ತು. ಆ ವೇಳೆಗೆ ಸ್ವತಂತ್ರವಾಗಿದ್ದ ಅಮೆರಿಕ ದ್ರಾಕ್ಷಾರಸದ ಹಳೆಯ ಗ್ಯಾಲನ್ನನ್ನೇ ಉಳಿಸಿಕೊಂಡಿತು, 3.785 ಲೀಟರ್ ಎಂದರೆ ಅದೇ.

ಗ್ಯಾಲನ್ನಿನ ಎಂಟನೆಯ ಒಂದು ಭಾಗವಾದ ಪೈಂಟಿಗೂ ಇದೇ ಭೇದ ಅಂಟಿಕೊಂಡಿದೆ: ಬ್ರಿಟಿಷ್ ಪೈಂಟಿನಲ್ಲಿ 20 ಔನ್ಸ್, ಅಂದರೆ 568 ಮಿಲಿಲೀಟರ್, ಅಮೆರಿಕದ್ದರಲ್ಲಿ 16 ಔನ್ಸ್, ಅಂದರೆ 473. ನಮ್ಮ ನಗರದ ಬಾರುಗಳಲ್ಲಿ ಪೈಂಟ್ ಎಂದು ಕೊಡುವ 330 ಮಿಲಿಲೀಟರಿನ ಬಾಟಲಿ ಈ ಎರಡಕ್ಕೂ ಸಲ್ಲದು.

ಇನ್ನು ಪೆಕ್, ಬುಶೆಲ್. ಎರಡು ಗ್ಯಾಲನ್ನಿಗೆ ಒಂದು ಪೆಕ್, ನಾಲ್ಕು ಪೆಕ್ಕಿಗೆ 36.37 ಲೀಟರಿನ ಒಂದು ಬುಶೆಲ್. 1824ರ ನಂತರ ಬ್ರಿಟನ್ನಿನಲ್ಲಿ ಇವಕ್ಕೂ ನೀರಿನ ಗ್ಯಾಲನ್ನೇ ಆಧಾರವಾದರೂ, ಬಳಕೆ ಮಾತ್ರ ಕಾಳು, ಹಣ್ಣು, ಗೆಡ್ಡೆಗಳಂಥ ಒಣ ಪದಾರ್ಥಗಳಿಗೇ. ನಮ್ಮ ರೈತರು ರಾಗಿಯನ್ನು ಸೇರು, ಕೊಳಗ, ಖಂಡುಗಗಳಲ್ಲಿ ಅಳೆದಂತೆಯೇ ಇದು. ಅಳತೆಯ ಮೇಲೆ ಗುಡ್ಡೆಯಾಗಿ ನಿಲ್ಲುವಂತೆ ತುಂಬುವ ಪದ್ಧತಿಯೂ ಅಲ್ಲಿ ಇತ್ತು. ಗುಡ್ಡೆಯ ಎತ್ತರ ಅಳೆಯುವವನ ಕೈಯಲ್ಲಿರುವುದರಿಂದ 1830ರ ದಶಕದಲ್ಲಿ ಕಾನೂನು ಅದನ್ನು ರದ್ದುಮಾಡಿತು. ಇಂದು ಅಮೆರಿಕದ ಗೋಧಿ ಮಾರುಕಟ್ಟೆಯ ವರದಿಗಳಲ್ಲಿ ಬರುವ ಬುಶೆಲ್ ಎಂದರೆ 60 ಪೌಂಡ್, ಅಂದರೆ ಸುಮಾರು 27.2 ಕಿಲೋಗ್ರಾಂ ತೂಕವೆಂದೇ ತಿಳಿಯಬೇಕು.

ಭಾರತದಲ್ಲಿ 1956ರ ಕಾಯ್ದೆಯ ಬಳಿಕ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂತು. ಅದಕ್ಕೆ ಹಿಂದಿನ ನಮ್ಮ ನಕ್ಷೆ, ರಸೀದಿಗಳಲ್ಲಿ ಗ್ಯಾಲನ್ ಎಂದು ಕಂಡರೆ 4.546ರಿಂದ ಗುಣಿಸಿರಿ. ತಾತನವರ ಬರಹವನ್ನು ತಿದ್ದದೆ, ಅದರ ಪಕ್ಕದಲ್ಲಿ ‘1,818 ಲೀಟರ್’ ಎಂದು ಪೆನ್ಸಿಲಿನಲ್ಲಿ ಬರೆದಿಡಲು ಮಗಳಿಗೆ ಹೇಳಿರಿ.