ಮಾತಾಡಿದವರ ಹೆಸರು

"ಸಂಪಾದಕರಿಗೆ ನಮಸ್ಕಾರ. ನಾನು ಡಿ.ಎಲ್.ಇಡಿ. (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ಎರಡನೇ ವರ್ಷದ ವಿದ್ಯಾರ್ಥಿನಿ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಇಂಟರ್ನ್‌ಶಿಪ್ ನಡೆಯುತ್ತಿದೆ. ನನಗೆ ಕೊಟ್ಟಿರುವುದು ಆರನೇ ಕ್ಲಾಸು, 42 ಮಕ್ಕಳು. ಕ್ಲಾಸ್ ಕಂಟ್ರೋಲ್ ಆಗುತ್ತಲೇ ಇಲ್ಲ. ಒಬ್ಬ ಹುಡುಗನಂತೂ ಇಡೀ ಪೀರಿಯಡ್ ಟ್ರ್ಯಾಕ್ಟರ್ ಚಿತ್ರ ಬಿಡಿಸುತ್ತಾ ಕೂತಿದ್ದ. ಅಲ್ಲಿನ ಹಿರಿಯ ಗುರುಗಳು, 'ಮೊದಲ ವಾರ ಹೆದರಿಸಿ ಇಡ್ರಿ, ಆಮ್ಯಾಲೆ ಪಾಠ ಮಾಡ್ರಿ' ಎಂದರು. ಕಾಲೇಜಿನಲ್ಲಿ ಕಲಿಸಿದ್ದು ಮಗು ಕೇಂದ್ರಿತ ಬೋಧನೆ. ಇವೆರಡರಲ್ಲಿ ಯಾವುದು ನಿಜ?"
— ಹಾವೇರಿ ಜಿಲ್ಲೆಯ ಓದುಗರು (ಹೆಸರು ಹಾಕಬೇಡಿ ಎಂದಿದ್ದಾರೆ)

ತಂಗಿ, ನಿಮ್ಮ ಪತ್ರ ನಾಲ್ಕು ಪುಟ ಇತ್ತು. ಜಾಗವಿಲ್ಲದೆ ಕತ್ತರಿಸಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಅಕ್ಷರ ಎಷ್ಟು ಚೆನ್ನಾಗಿದೆ ಎಂದರೆ ಪತ್ರ ನಮ್ಮ ಆಫೀಸಿನಲ್ಲಿ ಟೇಬಲ್ಲಿಂದ ಟೇಬಲ್ಲಿಗೆ ಓಡಾಡಿತು. ಬೋರ್ಡಿನ ಮೇಲೂ ಹೀಗೇ ಬರೆಯುವುದಾದರೆ ನಿಮ್ಮ ಮಕ್ಕಳು ಪುಣ್ಯವಂತರು.

ಹೊಗಳಿದ್ದಾಯಿತು, ಈಗ ಸ್ವಲ್ಪ ಬೈಯುತ್ತೇನೆ. ಪೆನ್ಸಿಲ್ ಹಿಡಿದು ಎಣಿಸಿದೆ. 'ಕಂಟ್ರೋಲ್' ಅನ್ನುವ ಪದ 11 ಸಲ ಬಂದಿದೆ. ಅವತ್ತು ನೀವು ಯಾವ ಪಾಠ ಮಾಡಿದಿರಿ ಅನ್ನುವುದು ಒಂದು ಸಲವೂ ಬಂದಿಲ್ಲ. 42 ಮಕ್ಕಳಲ್ಲಿ ಒಬ್ಬರ ಹೆಸರೂ ಇಲ್ಲ. ಟ್ರ್ಯಾಕ್ಟರ್ ಹುಡುಗ ಕೂಡ 'ಒಬ್ಬ ಹುಡುಗ' ಅಷ್ಟೇ.

ನಿಮ್ಮ ಹಿರಿಯ ಗುರುಗಳ ಮಾತನ್ನು ತೆಗೆದುಹಾಕುವುದಿಲ್ಲ. ಅವರು ಕಂಡಷ್ಟು ಕ್ಲಾಸುಗಳನ್ನು ನಾನು ಕಂಡಿಲ್ಲ. ಕ್ಲಾಸಿನಲ್ಲಿ ಹಿಡಿತ ತಪ್ಪಿದರೆ ಮೊದಲು ನರಳುವುದು ಮೆತ್ತಗಿನ ಮಕ್ಕಳೇ. ಜೋರಿನವರು ಹೇಗೋ ಬದುಕಿಕೊಳ್ಳುತ್ತಾರೆ, ಮೂಲೆಯಲ್ಲಿ ಕೂತವರಿಗೆ ಪಾಠವೇ ಕೇಳುವುದಿಲ್ಲ. ಅದಕ್ಕೆ ಹಿಡಿತ ಬೇಕು, ಒಪ್ಪಿದೆ. ಇಷ್ಟು ಹೇಳಿ ಆ ಗುರುಗಳಿಗೆ ಕೈ ಮುಗಿದು ನಾನು ಬೇರೆ ದಾರಿ ಹಿಡಿಯುತ್ತೇನೆ.

ಕಾನೂನು ತೋರಿಸಿ ಇಲ್ಲಿಗೇ ಮುಗಿಸಬಹುದಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳನ್ನು ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಆದರೆ ಕಾನೂನಿಗೆ ಅಂಜಿ ಕೋಲು ಕೆಳಗಿಟ್ಟವರು ನಾಲಿಗೆ ಕೈಗೆತ್ತಿಕೊಳ್ಳುತ್ತಾರೆ. 'ದನ ಕಾಯೋಕೆ ಹೋಗು' ಅನ್ನುವುದಕ್ಕೆ ಬಾಸುಂಡೆ ಬರುವುದಿಲ್ಲವಲ್ಲ, ಯಾರಿಗೆ ತೋರಿಸುವುದು?

ನನ್ನ ಕಥೆ ಹೇಳುತ್ತೇನೆ. ಐದನೇ ಕ್ಲಾಸಿನಲ್ಲಿ ನಾನು ಲೀಡರ್. ನಮ್ಮ ಕಡೆ ಗುರುಗಳನ್ನು ಮೇಷ್ಟ್ರು ಎನ್ನುತ್ತೇವೆ. ಮೇಷ್ಟ್ರು ಹೊರಗೆ ಹೋದಾಗ ಸೀಮೆಸುಣ್ಣ ಹಿಡಿದು ಬೋರ್ಡಿನ ಮೂಲೆಯಲ್ಲಿ 'ಮಾತಾಡಿದವರ ಹೆಸರು' ಎಂದು ಬರೆದು ಕೆಳಗೆ ಗೆರೆ ಎಳೆಯುವುದು ನನ್ನ ಅಧಿಕಾರ. ಇನ್ನೊಮ್ಮೆ ಮಾತಾಡಿದರೆ ಹೆಸರಿನ ಮುಂದೆ ಒಂದು ಇಂಟು. ಒಂದು ಇಂಟುವಿಗೆ ಒಂದು ಏಟು. ಒಂದು ಕಡಲೆ ಮಿಠಾಯಿ ಕೊಟ್ಟರೆ ಒಂದು ಇಂಟು ಅಳಿಸುತ್ತಿದ್ದೆ, ಎರಡು ಕೊಟ್ಟರೆ ಹೆಸರನ್ನೇ ಅಳಿಸುತ್ತಿದ್ದೆ. ಜೀವನದಲ್ಲಿ ನಾನು ತಿಂದ ಮೊದಲ ಲಂಚ ಅದು. ಮೇಷ್ಟ್ರು ಬಂದು ನೋಡಿ, 'ಇವತ್ತು ಕ್ಲಾಸು ಪರವಾಗಿಲ್ಲ' ಅನ್ನುತ್ತಿದ್ದರು. ಆ ವರ್ಷ ಬೋರ್ಡಿನ ಆ ಮೂಲೆಯಲ್ಲಿ ಯಾರ ಹೆಸರಿತ್ತು ಅನ್ನುವುದು ಇವತ್ತಿಗೂ ನೆನಪಿದೆ. ಬೋರ್ಡಿನ ಉಳಿದ ಭಾಗದಲ್ಲಿ ಏನು ಬರೆದಿದ್ದರು ಅನ್ನುವುದು ಒಂಚೂರೂ ನೆನಪಿಲ್ಲ.

ಪತ್ರಿಕೆಗೆ ಬರುವ ಮುಂಚೆ ಒಂದು ವರ್ಷ ನಾನೂ ಪಾಠ ಮಾಡಿದವನೇ. ಒಂದು ಖಾಸಗಿ ಹೈಸ್ಕೂಲು, ಒಂಬತ್ತನೇ ಕ್ಲಾಸು, ಟೆಂಪರರಿ ಕೆಲಸ. ನಿಮ್ಮ ಗುರುಗಳು ಹೇಳಿದ್ದನ್ನು ನನಗೂ ಒಬ್ಬರು ಹೇಳಿದ್ದರು, ನಾನು ಹಾಗೇ ಮಾಡಿದೆ. ದೀಪಾವಳಿಯ ಹೊತ್ತಿಗೆ ಗಂಟಲು ಕೂತಿತ್ತು, ಕ್ಲಾಸು ಮಾತ್ರ ಎದ್ದು ಕುಣಿಯುತ್ತಿತ್ತು. ಪಕ್ಕದ ಕೋಣೆಯಲ್ಲಿ ಸಮಾಜ ವಿಜ್ಞಾನದ ಟೀಚರ್ ಒಬ್ಬರಿದ್ದರು. ಸಣ್ಣ ದನಿ. ಅವರ ಕ್ಲಾಸಿನಿಂದ ಸದ್ದು ಬರುತ್ತಿರಲಿಲ್ಲ ಅಂತಲ್ಲ, ಬರುತ್ತಿತ್ತು. ಜೇನುಗೂಡಿನ ಸದ್ದಿನ ಹಾಗೆ. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ.

ಮಕ್ಕಳು ಒಳಗೆ ಬರುವ ಮೊದಲೇ ಬೋರ್ಡಿನ ಮೇಲೆ ಒಂದು ಪ್ರಶ್ನೆ ಇರುತ್ತಿತ್ತು. ಬಂದವರು ಕೂತು ಉತ್ತರ ಬರೆಯಲು ಶುರು ಮಾಡುತ್ತಿದ್ದರು. ಆ ಮೂರು ನಿಮಿಷದಲ್ಲಿ ಟೀಚರ್ ಬೆಂಚುಗಳ ನಡುವೆ ಓಡಾಡಿ ಹಾಜರಿ ಹಾಕಿ ಮುಗಿಸುತ್ತಿದ್ದರು. ನಾನು ಒಂದೊಂದೇ ಹೆಸರು ಕೂಗಿ 'ಪ್ರೆಸೆಂಟ್ ಸಾರ್' ಅನ್ನಿಸಿಕೊಳ್ಳುವಷ್ಟರಲ್ಲಿ ಹತ್ತು ನಿಮಿಷ ಹೋಗಿ, ಅಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಜಗಳ ಹತ್ತಿರುತ್ತಿತ್ತು. ಯಾವ ಬೆಂಚಿನಲ್ಲಿ ಪಿಸುಗುಟ್ಟಿದರೋ ಅಲ್ಲಿಗೇ ಹೋಗಿ ನಿಂತು ಆ ಟೀಚರ್ ಪಾಠ ಮುಂದುವರಿಸುತ್ತಿದ್ದರು. ಬೈಗುಳವಿಲ್ಲ, ಭಾಷಣವಿಲ್ಲ. ಗದ್ದಲ ಜಾಸ್ತಿಯಾದರೆ ದನಿ ಇನ್ನೂ ತಗ್ಗಿಸುತ್ತಿದ್ದರು. ನಾಚಿಕೆ ಬಿಟ್ಟು ಒಂದು ದಿನ ಕೇಳಿದೆ. ಅವರು ತೋರಿಸಿದ್ದು ಒಂದು ಹಳೇ ನೋಟ್‌ಬುಕ್ಕು. ಮೊದಲ ಪುಟದಲ್ಲಿ ಬೆಂಚುಗಳ ನಕ್ಷೆ, ಪ್ರತಿ ಚೌಕದಲ್ಲಿ ಒಂದು ಹೆಸರು. ಶಾಲೆ ಶುರುವಾದ ಎರಡೇ ದಿನದಲ್ಲಿ ಬಾಯಿಪಾಠ ಮಾಡಿದ್ದರಂತೆ. 'ಏಯ್ ನೀನು' ಎಂದರೆ 42 ಮಕ್ಕಳೂ ತಿರುಗುತ್ತಾರೆ, ಹೆಸರು ಹಿಡಿದರೆ ಒಬ್ಬನೇ ತಿರುಗುತ್ತಾನೆ, ಅಲ್ವಾ?

ಇದನ್ನೇ ಅಮೆರಿಕದಲ್ಲಿ ಜೇಕಬ್ ಕೌನಿನ್ ಎಂಬ ಮನಶ್ಶಾಸ್ತ್ರಜ್ಞರು ವರ್ಷಗಟ್ಟಲೆ ಅಧ್ಯಯನ ಮಾಡಿ ಹೇಳಿದ್ದಾರೆ. ಅವರು ಡೆಟ್ರಾಯಿಟ್‌ನಲ್ಲಿ ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿಯೊಬ್ಬ ಕ್ಲಾಸಿನಲ್ಲೇ ಪೇಪರ್ ಬಿಚ್ಚಿ ಓದುತ್ತಿದ್ದನಂತೆ. ಗದರಿದರು. ಗದರಿಸಿಕೊಂಡವನಷ್ಟೇ ಅಲ್ಲ, ಏನೂ ತಪ್ಪು ಮಾಡದ ಉಳಿದವರೂ ಮುದುರಿಕೊಂಡರು. ಒಬ್ಬನಿಗೆ ಬೈದರೆ ಪಕ್ಕದವರಿಗೆ ಏನಾಗುತ್ತದೆ ಅನ್ನುವ ಕುತೂಹಲ ಅಲ್ಲಿಂದ ಶುರುವಾಯಿತು. 1970ರಲ್ಲಿ ಅವರು ಹೇಳಿದ್ದರ ಸಾರ ಇಷ್ಟು: ತಪ್ಪು ನಡೆದ ಮೇಲೆ ಹೇಗೆ ಗದರುತ್ತಾರೆ ಅನ್ನುವುದರಲ್ಲಿ ಒಳ್ಳೆ ಮೇಷ್ಟ್ರಿಗೂ ಕೈಲಾಗದ ಮೇಷ್ಟ್ರಿಗೂ ಅಂಥ ವ್ಯತ್ಯಾಸವೇ ಇಲ್ಲ. ವ್ಯತ್ಯಾಸ ಇರುವುದು ಗದ್ದಲಕ್ಕೆ ಮುಂಚೆ ಅವರು ಏನು ಮಾಡುತ್ತಿರುತ್ತಾರೆ ಅನ್ನುವುದರಲ್ಲಿ. ಒಳ್ಳೆಯವರಿಗೆ ಬೆನ್ನಿಗೂ ಕಣ್ಣಿರುತ್ತದೆ, ಮತ್ತು ಅದು ಮಕ್ಕಳಿಗೆ ಗೊತ್ತಿರುತ್ತದೆ. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಖಾಲಿ ಬಿಡುವುದಿಲ್ಲ. ಕೈಲಾಗದವರು ಎರಡು ತಪ್ಪು ಮಾಡುತ್ತಾರೆ: ಶುರು ಮಾಡಿದವನನ್ನು ಬಿಟ್ಟು ಪಕ್ಕದವನನ್ನು ಹಿಡಿಯುತ್ತಾರೆ, ಇಲ್ಲವೇ ಬೆಂಕಿ ಹತ್ತಿದ ಮೇಲೆ ಓಡಿಬರುತ್ತಾರೆ. ಇದನ್ನು ಓದಿದಾಗ ನನ್ನ ಕಡಲೆ ಮಿಠಾಯಿ ನೆನಪಾಯಿತು. ನಮ್ಮ ಮೇಷ್ಟ್ರು ಎರಡೂ ತಪ್ಪನ್ನು ಒಬ್ಬ ಲೀಡರನ ಕೈಗೆ ಕಾಂಟ್ರಾಕ್ಟ್ ಕೊಟ್ಟಿದ್ದರು.

ಹಾಗಾದರೆ ಗದ್ದಲಕ್ಕೆ ಮುಂಚೆ ಏನು ಮಾಡಬೇಕು? ನಿಮ್ಮ ಪುಸ್ತಕದಲ್ಲೇ ಇದೆ. ಗೊತ್ತಿರುವುದರಿಂದ ಗೊತ್ತಿಲ್ಲದಿರುವುದಕ್ಕೆ, ಸರಳದಿಂದ ಕಠಿಣಕ್ಕೆ, ಕೈಗೆ ಸಿಗುವುದರಿಂದ ಕೈಗೆ ಸಿಗದಿರುವುದಕ್ಕೆ. ನೀವು ಇವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೀರಿ, ನನಗೆ ಗೊತ್ತು. ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯ 150 ಪ್ರಶ್ನೆಗಳಲ್ಲಿ 30 ಮಗುವಿನ ಬೆಳವಣಿಗೆ ಮತ್ತು ಬೋಧನೆಯವು. 'ಇದು ಯಾವ ಬೋಧನಾ ಸೂತ್ರ?' ಕೆಳಗೆ ನಾಲ್ಕು ಆಯ್ಕೆ. ಸರಿಯಾದದ್ದಕ್ಕೆ ಶಾಯಿ ತುಂಬಿದರೆ ಒಂದು ಅಂಕ. ಆದರೆ ಆ ಸೂತ್ರ ಹಿಡಿದು ಮಂಗಳವಾರ ಎರಡನೇ ಪೀರಿಯಡ್‌ನಲ್ಲಿ ಏನು ಮಾಡಬೇಕು ಅನ್ನುವುದನ್ನು ಕೋಚಿಂಗ್ ಸೆಂಟರಿನವರು ಹೇಳುವುದಿಲ್ಲ.

ಬ್ಯಾಡಗಿ ನಿಮ್ಮ ಜಿಲ್ಲೆಯದೇ. ಅಲ್ಲಿನ ಮೆಣಸಿನಕಾಯಿಗೆ 2011ರಲ್ಲಿ ಜಿಐ ಪಟ್ಟ, ಅಂದರೆ ಊರಿನ ಹೆಸರಿನ ಸರ್ಕಾರಿ ಗುರುತು, ಕೂಡ ಬಂತು. ನಿಮ್ಮ 42 ಮಕ್ಕಳಲ್ಲಿ ಎಷ್ಟು ಮನೆಯವರು ಮೆಣಸಿನಕಾಯಿ ಬೆಳೆಯುತ್ತಾರೆ, ಎಷ್ಟು ಅವ್ವಂದಿರು ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಾರೆ, ಕೇಳಿದ್ದೀರಾ? ದಶಮಾಂಶ ಶುರು ಮಾಡುವ ದಿನ ಬೋರ್ಡಿನ ಮೇಲೆ ಸೊನ್ನೆ, ಚುಕ್ಕೆ, ಐದು ಬರೆಯುವ ಬದಲು ಒಂದು ಹಿಡಿ ಕಾಯಿ ತಂದು ಮೇಜಿನ ಮೇಲೆ ಸುರಿಯಿರಿ. ಯಾವುದು ಡಬ್ಬಿ, ಯಾವುದು ಕಡ್ಡಿ (ಮೆಣಸಿನಕಾಯಿಯ ಎರಡು ಜಾತಿ) ಎಂದು ಕೇಳಿ. ನಿಮಗಿಂತ ಅವರಿಗೇ ಜಾಸ್ತಿ ಗೊತ್ತಿರುತ್ತದೆ. ತೊಟ್ಟಿನ ಸಮೇತ ಒಂದು ಕಿಲೋ ಇದ್ದದ್ದು ತೊಟ್ಟು ತೆಗೆದ ಮೇಲೆ ಎಷ್ಟಾಯಿತು, ಎಷ್ಟು ಪಾಲು ಹೋಯಿತು, ಲೆಕ್ಕ ಹಾಕಿಸಿ. ಗಲಾಟೆ ಆಗುತ್ತದೆ. ಆಗಲಿ. ಒಬ್ಬಿಬ್ಬರು ಸೀನುತ್ತಾರೆ. ಸೀನಲಿ. ಆ ಗಲಾಟೆ ಪಾಠದ ಒಳಗಿನದು. ಪಾಠದ ಹೊರಗಿನ ಗಲಾಟೆಗೂ ಇದಕ್ಕೂ ಇರುವ ವ್ಯತ್ಯಾಸ ಕಿವಿಗೆ ತಿಳಿಯುವುದಕ್ಕೆ ಒಂದು ವರ್ಷ ಸಾಲದು. ನನಗೆ ಅಷ್ಟು ತಾಳ್ಮೆ ಇರಲಿಲ್ಲ, ಓಡಿಹೋದೆ. (ಓಡಿಹೋದವನು ನಾನೊಬ್ಬನೇ ಅಲ್ಲ. ನಿಮ್ಮ ಶಿಶುನಾಳದ ಶರೀಫಜ್ಜನೂ ಸ್ವಲ್ಪ ಕಾಲ ಮಾಸ್ತರಿಕೆ ಮಾಡಿ ಬಿಟ್ಟವರೇ. ಅವರು ಬಿಟ್ಟು ಏನಾದರು, ನಾನು ಬಿಟ್ಟು ಏನಾದೆ, ಆ ಹೋಲಿಕೆ ಬೇಡ.)

ಇನ್ನೊಂದು ಮಾತು. ಪ್ರಶ್ನೆ ಕೇಳಿದ ಮೇಲೆ ಎಷ್ಟು ಹೊತ್ತು ಕಾಯುತ್ತೀರಿ? ಮೇರಿ ಬಡ್ ರೋ ಎಂಬ ಸಂಶೋಧಕಿ ವಿಜ್ಞಾನದ ಕ್ಲಾಸುಗಳಲ್ಲಿ ಇದನ್ನು ಅಳೆದರು. ಸರಾಸರಿ ಒಂದು ಸೆಕೆಂಡು, ಅಷ್ಟೇ. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ದಡ್ಡರು ಎನಿಸಿಕೊಂಡವರೂ ಬಾಯಿ ಬಿಟ್ಟರು. ಮೂರು ಸೆಕೆಂಡು, ತಂಗಿ. ಸುಮ್ನೆ ನಿಂತು ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ನಮಗೆ ಮುಂದಿನ ಬೆಂಚಿನ ಜಾಣೆ ಕೈ ಎತ್ತಿದ ಕೂಡಲೇ ಉತ್ತರ ಸಿಕ್ಕಿತು ಅನಿಸಿಬಿಡುತ್ತದೆ.

'ಇದೆಲ್ಲ ಪರದೇಶದವರ ಮಾತು, ನಮ್ಮದು ದಂಡಂ ದಶಗುಣಂ' ಎನ್ನುವವರಿದ್ದಾರೆ. ಅವರಿಗೊಂದು ಹಳೇ ಕಥೆ. 1789ರಲ್ಲಿ ಮದರಾಸಿನ ಅನಾಥ ಹುಡುಗರ ಶಾಲೆಗೆ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ ಪಾದ್ರಿ ಮೇಲ್ವಿಚಾರಕರಾಗಿ ಬಂದರು. ಊರಿನ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು ತಮ್ಮ ಶಾಲೆಗೂ ತಂದರು. ದೊಡ್ಡ ಮಕ್ಕಳಿಂದ ಚಿಕ್ಕವರಿಗೆ ಕಲಿಸುವುದನ್ನು ಶುರು ಮಾಡಿದರು. ಆಮೇಲೆ ಇಂಗ್ಲೆಂಡಿನಲ್ಲಿ ಅದು 'ಮದ್ರಾಸ್ ಪದ್ಧತಿ' ಎಂದೇ ಹೆಸರಾಯಿತು. ಮರಳೂ ನಮ್ಮದೇ, ಬೆತ್ತವೂ ನಮ್ಮದೇ. ಯಾವುದನ್ನು ಪರಂಪರೆ ಎಂದು ಎತ್ತಿಕೊಳ್ಳುತ್ತೇವೆ ಅನ್ನುವುದು ನಮಗೆ ಬಿಟ್ಟದ್ದು.

ಅಷ್ಟು ಹಿಂದಕ್ಕೆ ಯಾಕೆ ಹೋಗಬೇಕು? ಚಿಕ್ಕ ಕ್ಲಾಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಿ ಚಟುವಟಿಕೆಯಲ್ಲೇ ಕಲಿಸುವ ನಲಿ-ಕಲಿ ಪದ್ಧತಿ ಹುಟ್ಟಿದ್ದು 1995ರಲ್ಲಿ, ನಮ್ಮದೇ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ಋಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಮೇಷ್ಟ್ರುಗಳೇ ಕೂತು ಕಲಿಕೆಯ ಕಾರ್ಡು ಬರೆದರು. ಅ ಆ ಇ ಈ ಬಿಟ್ಟು ರ ಗ ಸ ದ ಇಂದ ಶುರು. ನಾಲ್ಕಕ್ಷರ ಕಲಿಯುವಷ್ಟರಲ್ಲಿ ಮಗು ಸರ, ರಸ, ದರ ಎಂದು ಓದುತ್ತದೆ. ಮಕ್ಕಳು ಗುಂಪಾಗಿ ನೆಲದ ಮೇಲೆ ಕೂರುತ್ತಾರೆ, ಆ ಗುಂಪಿಗೆ 'ತಟ್ಟೆ' ಎನ್ನುತ್ತಾರೆ. ಒಂದು ತಟ್ಟೆಯವರಿಗೆ ಟೀಚರ್ ನೆರವು, ಇನ್ನೊಂದು ತಟ್ಟೆಯವರಿಗೆ ಗೆಳೆಯರ ನೆರವು, ಮತ್ತೊಂದರವರು ತಾವೇ ಕಲಿಯುತ್ತಾರೆ. ಕಾರ್ಡು ಹರಿದರೆ ಬೇಗ ಹೊಸದು ಬರುವುದಿಲ್ಲ, ಮೂರು ಕ್ಲಾಸಿನ ಮಕ್ಕಳನ್ನು ಒಬ್ಬರೇ ಸಂಭಾಳಿಸುವುದು ಸುಲಭವಲ್ಲ, ಎಲ್ಲ ನಿಜ. ಆದರೂ ಅಲ್ಲಿ ಕ್ಲಾಸು ನಡೆಸುವುದು ಬೆತ್ತವಲ್ಲ, ಮಗು ಒಂದೊಂದೇ ಕಾರ್ಡು ಮುಗಿಸಿ ಹತ್ತುವ ಕಲಿಕೆಯ ಏಣಿಯ ಮುಂದಿನ ಮೆಟ್ಟಿಲು. ಅದನ್ನೇ ನೋಡಿ ತಂದೆ ತಾಯಿ ಏನೆನ್ನುತ್ತಾರೆ ಗೊತ್ತೇ? 'ಆ ಶಾಲೆಯಲ್ಲಿ ಬರೀ ಗಲಾಟೆ, ಕಾನ್ವೆಂಟಿನಲ್ಲಿ ಪಿನ್ ಬಿದ್ದರೂ ಕೇಳಿಸುತ್ತದೆ.' ಪಿನ್ ಬೀಳುವ ಸದ್ದು ಕೇಳುವುದಕ್ಕೆ ವರ್ಷಕ್ಕೆ ಮೂವತ್ತು, ನಲವತ್ತು ಸಾವಿರ ಫೀಸು ಕಟ್ಟುತ್ತಾರೆ!

ಮೌನದ ಮೇಲೆ ನಮಗೆ ಅದೇನು ಮೋಹವೋ. ಹೆಡ್‌ಮಾಸ್ಟರು ರೌಂಡಿಗೆ ಬಂದಾಗ ಸದ್ದಿಲ್ಲದ ಕ್ಲಾಸೇ ಒಳ್ಳೆ ಕ್ಲಾಸು. ಮನೆಯಲ್ಲಿ ಎದುರು ಮಾತಾಡದ ಮಗಳೇ ಒಳ್ಳೆ ಮಗಳು. ಗ್ರಾಮಸಭೆಯಲ್ಲಿ ಲೆಕ್ಕ ಕೇಳಿದವನು ತಲೆಹರಟೆ. ಅವನ ಹೆಸರೂ ಎಲ್ಲೋ ಒಂದು ಬೋರ್ಡಿನ ಮೂಲೆಯಲ್ಲಿ ಏರಿರುತ್ತದೆ. ಇನ್ನು ಮೇಷ್ಟ್ರುಗಳ ತರಬೇತಿಗೆ ಒಮ್ಮೆ ಹೋಗಿ ನೋಡಿ. ನನ್ನನ್ನು ಒಮ್ಮೆ ಅತಿಥಿ ಎಂದು ಕರೆದಿದ್ದರು. ಮೊದಲು ತುಂಬಿದ್ದು ಹಿಂದಿನ ಸಾಲು. ಒಬ್ಬರು ಮೊಬೈಲಿನಲ್ಲಿ, ಇಬ್ಬರು ಪಿಸುಮಾತಿನಲ್ಲಿ, ಒಬ್ಬರು ನಿದ್ದೆಯಲ್ಲಿ. ಮುಂದೆ ನಿಂತವರು ಪರದೆಯ ಮೇಲಿದ್ದದ್ದನ್ನೇ ಓದುತ್ತಿದ್ದರು, ವಿಷಯ 'ಚಟುವಟಿಕೆ ಆಧಾರಿತ ಕಲಿಕೆ'. ಆ ಮೇಷ್ಟ್ರುಗಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನೂ ಹಿಂದೆಯೇ ಹೋಗಿ ಕೂತೆ.

ಅವರ ಕಷ್ಟವೂ ಸಣ್ಣದಲ್ಲ. ಅದೇ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಜನಗಣತಿ, ಚುನಾವಣೆ, ವಿಪತ್ತಿನ ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚುವಂತಿಲ್ಲ. ಆದರೆ ಹಾಲಿನ ಪುಡಿಯ ಲೆಕ್ಕ, ಮೊಟ್ಟೆಯ ಲೆಕ್ಕ, ಆನ್‌ಲೈನಿನಲ್ಲಿ ಮಕ್ಕಳ ಮಾಹಿತಿ ತುಂಬುವುದು, ನೆಟ್‌ವರ್ಕ್ ಸಿಗದೆ ಮಾಳಿಗೆ ಹತ್ತುವುದು, ಇವಕ್ಕೆಲ್ಲ ಯಾವ ಹೆಸರಿಡುವುದು? ಹಾಲು, ಮೊಟ್ಟೆ ಬೇಡ ಎಂದಲ್ಲ, ಖಂಡಿತ ಬೇಕು. ಲೆಕ್ಕ ಬರೆಯುವುದಕ್ಕೆ ಒಬ್ಬ ಗುಮಾಸ್ತನನ್ನು ಕೊಡಿ ಎನ್ನುತ್ತೇನೆ. ಮೇಷ್ಟ್ರು ಮಾಳಿಗೆ ಮೇಲಿದ್ದಾಗ ಕೆಳಗೆ ಕ್ಲಾಸಿನಲ್ಲಿ ಮತ್ತೊಬ್ಬ ಲೀಡರ್ ಸೀಮೆಸುಣ್ಣ ಹಿಡಿದು ನಿಂತಿರುತ್ತಾನೆ. ಹೆದರಿಸಿ ಇಡ್ರಿ ಎಂದ ನಿಮ್ಮ ಗುರುಗಳಿಗೂ ಹೀಗೇ ಕೆಲಸ ಮುಗಿಬಿದ್ದಿರಬಹುದು. ಪಾಠ ತಯಾರಿಗೆ ಒಂದು ಗಂಟೆ ಬೇಕು, ಹೆದರಿಸುವುದಕ್ಕೆ ಒಂದು ನಿಮಿಷ ಸಾಕು.

ನಿಮಗೆ ಸದ್ಯಕ್ಕೆ ಆ ಒಂದು ಗಂಟೆ ಇದೆ. ಪಾಠ ಯೋಜನೆಯನ್ನು ಎರಡು ಬಣ್ಣದ ಪೆನ್ನಿನಲ್ಲಿ ಅಲಂಕಾರ ಮಾಡುವುದು ಬಿಟ್ಟು ಅದನ್ನು ಹೀಗೆ ಖರ್ಚು ಮಾಡಿ. ಸೋಮವಾರ ಬೆಂಚುಗಳ ನಕ್ಷೆ ಬರೆಯಿರಿ. ಬುಧವಾರದೊಳಗೆ 42 ಹೆಸರು ಬಾಯಿಗೆ ಬರಬೇಕು. ಆಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ. ಎಷ್ಟು ಪುಟ ಆದರೂ ಪರವಾಗಿಲ್ಲ, ಈ ಸಲ ಕತ್ತರಿಸುವುದಿಲ್ಲ. ಆ ಟ್ರ್ಯಾಕ್ಟರ್ ಹುಡುಗನ ಹೆಸರೇನು, ಆ ಟ್ರ್ಯಾಕ್ಟರ್ ಯಾರದು, ಮನೆಯದೋ ಬಾಡಿಗೆಯದೋ, ಅದರಲ್ಲಿ ಅವನು ಎಲ್ಲೆಲ್ಲಿ ಹೋಗಿ ಬಂದಿದ್ದಾನೆ, ಕೇಳಿ ಬರೆಯಿರಿ. ಅವನು ಒಪ್ಪಿದರೆ ಚಿತ್ರವನ್ನೂ ಪತ್ರದ ಜೊತೆ ಮಡಿಸಿ ಕಳಿಸಿ. ನಮ್ಮ ಮಕ್ಕಳ ಪುಟದಲ್ಲಿ ಜಾಗ ಇದೆ.