ಮದುವೆ ಕಾಗದಕ್ಕೆ ಬಾಸ್ಕರ್‌ವಿಲ್ ಆಗುತ್ತದಾ?

ಉಡುಪಿಯಲ್ಲಿ ಅಕ್ಕನ ಮದುವೆ ಕಾಗದ, ಒರಟು ಕಾಗದಕ್ಕೆ ಚಿನ್ನದ ಬಣ್ಣದ ಸ್ಕ್ರೀನ್ ಪ್ರಿಂಟಿಂಗ್, ಇಂಗ್ಲಿಷ್ ಭಾಗಕ್ಕೆ ಬಾಸ್ಕರ್‌ವಿಲ್ ಫಾಂಟ್ (ಅಕ್ಷರ ವಿನ್ಯಾಸ) ಹಾಕಬಹುದಾ ಎಂದು ಕೇಳಿದ್ದೀರಿ. ಹೆಸರುಗಳಿಗೆ ಧಾರಾಳವಾಗಿ ಹಾಕಿ. ದೊಡ್ಡ ಕ್ಯೂ ಅಕ್ಷರದ ಬೀಸು ಬಾಲ, ಪೂರ್ತಿ ಮುಚ್ಚದೆ ಬಿಟ್ಟ ಚಿಕ್ಕ ಜಿ ಅಕ್ಷರದ ಕೆಳಸುತ್ತು ದೊಡ್ಡ ಅಳತೆಯಲ್ಲೇ ಚಂದ.

ತೊಂದರೆ ಇರುವುದು ಹಾಲ್ ವಿಳಾಸದ ಸಣ್ಣ ಸಾಲುಗಳಲ್ಲಿ. ಇದರಲ್ಲಿ ದಪ್ಪ ಗೆರೆಗೂ ಸಪೂರ ಗೆರೆಗೂ ವ್ಯತ್ಯಾಸ ಜಾಸ್ತಿ. ಇದನ್ನು ರೂಪಿಸಿದ ಬರ್ಮಿಂಗ್‌ಹ್ಯಾಮ್‌ನ ಜಾನ್ ಬಾಸ್ಕರ್‌ವಿಲ್ 1757ರಲ್ಲಿ ತಮ್ಮ ಮೊದಲ ಪುಸ್ತಕ ಅಚ್ಚು ಹಾಕುವಾಗ ನುಣುಪು ಕಾಗದ, ಕಡುಕಪ್ಪು ಶಾಯಿಗೆ ಅಷ್ಟು ತಲೆ ಕೆಡಿಸಿಕೊಂಡದ್ದು ಸುಮ್ನೆ ಅಲ್ಲ. ನಿಮ್ಮ ಒರಟು ಕಾಗದದಲ್ಲಿ ಸಪೂರ ಗೆರೆ ತುಂಡಾಗುತ್ತದೆ. ಅಲ್ಲಿಗೆ ಇದರದೇ ಇನ್ನೊಂದು ರೂಪವಾದ ಲಿಬ್ರೆ ಬಾಸ್ಕರ್‌ವಿಲ್ ಬಳಸಿ. ಉಚಿತ, ಗೆರೆಯೂ ಸ್ವಲ್ಪ ಗಟ್ಟಿ. ಪ್ರೆಸ್‌ನವರು ಟೈಮ್ಸ್ ಫಾಂಟ್ ಸಾಕು ಎಂದರೆ ಬಗ್ಗಬೇಡಿ, ಮೊದಲು ಒಂದು ಪ್ರೂಫ್ (ಮಾದರಿ ಪ್ರತಿ) ತೆಗೆಸಿ.