ಎಚ್ಚರಗಂಟೆಗೆ ಎರಡನೆಯ ದಾರಿ

ಪ್ರಶ್ನೆ: ನಮ್ಮ ಮನೆಯಲ್ಲಿ ಎಂಟು ವರ್ಷಗಳಿಂದ ಅಲಾರಂ ವ್ಯವಸ್ಥೆ ಇದೆ. ಯಾರಾದರೂ ಬಾಗಿಲು ಒಡೆದರೆ, ಹೊಗೆ ಕಾಣಿಸಿಕೊಂಡರೆ ಅಥವಾ ವಯಸ್ಸಾದ ನಮ್ಮ ತಾಯಿಯವರು ತುರ್ತು ಗುಂಡಿ ಒತ್ತಿದರೆ ಲ್ಯಾಂಡ್‌ಲೈನ್ ಮೂಲಕ ನಿಗಾ ಕೇಂದ್ರಕ್ಕೆ ಸುದ್ದಿ ಹೋಗುತ್ತದೆ. ಈಗ ದೂರವಾಣಿಯವರು ತಾಮ್ರದ ತಂತಿಯನ್ನು ತೆಗೆದು ಫೈಬರ್ ಕೊಡುತ್ತಿದ್ದಾರೆ. ಬ್ರಾಡ್‌ಬ್ಯಾಂಡ್ ಮುಖ್ಯ ದಾರಿಯಾಗಿರಲಿ, ಜೊತೆಗೆ ಸಿಮ್ ಹಾಕಿಸಿ ಎಂದು ಅಲಾರಂ ಅಳವಡಿಸಿದವರು ಹೇಳುತ್ತಾರೆ. ಸಿಮ್ ಒಂದೇ ಸಾಕು ಎನ್ನುವುದು ಮತ್ತೊಬ್ಬರ ಅಭಿಪ್ರಾಯ. ಮೊಬೈಲ್‌ನಲ್ಲಿ ಆ್ಯಪ್ ಇದ್ದ ಮೇಲೆ ತಿಂಗಳ ಶುಲ್ಕ ಕೊಟ್ಟು ಕೇಂದ್ರವನ್ನು ಇಟ್ಟುಕೊಳ್ಳುವುದೇಕೆ ಎಂದು ಪಕ್ಕದ ಮನೆಯವರು ಕೇಳುತ್ತಾರೆ. ಹಗಲಿನಲ್ಲಿ ತಾಯಿಯವರೊಬ್ಬರೇ ಮನೆಯಲ್ಲಿರುತ್ತಾರೆ. ಯಾವುದನ್ನು ನಂಬಬೇಕು?

ಉತ್ತರ: ನಿಮಗೆ ಸಲಹೆ ಕೊಟ್ಟ ಮೂವರೂ ಸುದ್ದಿ ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನೇ ಹೇಳಿದ್ದಾರೆ. ಅದಕ್ಕಿಂತ ಮೊದಲು ಕೇಳಬೇಕಾದ ಮಾತು ಬೇರೆ ಇದೆ. ಆ ದಾರಿ ಕಡಿದುಹೋದರೆ ಅದು ನಿಗಾ ಕೇಂದ್ರಕ್ಕೆ ಎಷ್ಟು ಹೊತ್ತಿನಲ್ಲಿ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಅಲ್ಲಿ ಕುಳಿತವರು ಏನು ಮಾಡುತ್ತಾರೆ? ಇದಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಬ್ರಾಡ್‌ಬ್ಯಾಂಡ್ ಆದರೇನು, ಸಿಮ್ ಆದರೇನು, ಎರಡೂ ಒಂದೇ.

ಹಿಂದೆ ಬ್ಯಾಂಕು, ಆಭರಣದಂಗಡಿಗಳಿಂದ ನಿಗಾ ಕೇಂದ್ರದವರೆಗೆ ಪ್ರತ್ಯೇಕ ತಂತಿ ಎಳೆದು ಅದರಲ್ಲಿ ಸದಾ ಸಣ್ಣ ವಿದ್ಯುತ್ತು ಹರಿಯುವಂತೆ ಮಾಡುತ್ತಿದ್ದರು. ಕಳ್ಳ ತಂತಿ ಕತ್ತರಿಸಿದರೆ ಆ ಹರಿವು ನಿಂತದ್ದೇ ಸುದ್ದಿಯಾಗುತ್ತಿತ್ತು. ಮನೆಗಳಿಗೆ ಬಂದ ಲ್ಯಾಂಡ್‌ಲೈನ್ ಅಲಾರಂಗಳಲ್ಲಿ ಈ ಗುಣ ಇರಲಿಲ್ಲ. ಸೆನ್ಸರುಗಳೆಲ್ಲ ಬಂದು ಸೇರುವ ಪ್ಯಾನೆಲ್, ಅಂದರೆ ಅಲಾರಂನ ಮುಖ್ಯ ಪೆಟ್ಟಿಗೆ, ಅಗತ್ಯ ಬಿದ್ದಾಗ ಮಾತ್ರ ಕೇಂದ್ರಕ್ಕೆ ಕರೆ ಮಾಡುತ್ತಿತ್ತು, ಉಳಿದಂತೆ ದಿನಕ್ಕೋ ವಾರಕ್ಕೋ ಒಮ್ಮೆ ತಾನು ಬದುಕಿದ್ದೇನೆಂದು ಹೇಳುತ್ತಿತ್ತು. ನಡುವೆ ಯಾರಾದರೂ ತಂತಿ ಕತ್ತರಿಸಿದರೆ ಮನೆಯೊಳಗಿನ ಕೀಪ್ಯಾಡ್ ಪೀಪೀ ಎನ್ನುತ್ತಿತ್ತೇ ಹೊರತು ಕೇಂದ್ರದವರಿಗೆ ತಿಳಿಯುತ್ತಿರಲಿಲ್ಲ. ಇಂದಿನ ಬ್ರಾಡ್‌ಬ್ಯಾಂಡ್ ಮತ್ತು ಸಿಮ್ ಉಪಕರಣಗಳು ಆ ಹಳೆಯ ಗುಣವನ್ನು ಬೇರೆ ರೂಪದಲ್ಲಿ ಮರಳಿ ತಂದಿವೆ. ಪ್ಯಾನೆಲ್ ನಿಗದಿತ ಅವಧಿಗೊಮ್ಮೆ ಚಿಕ್ಕ ಸಂದೇಶ ಕಳಿಸುತ್ತದೆ, ಅದು ಬಾರದಿದ್ದರೆ ಕೇಂದ್ರದ ಪರದೆಯ ಮೇಲೆ ಸೂಚನೆ ಮೂಡುತ್ತದೆ. ಈ ಕೆಲಸದವರು ಇದನ್ನು ಹಾರ್ಟ್‌ಬೀಟ್ ಎನ್ನುತ್ತಾರೆ. ನಾಡಿಮಿಡಿತವೆಂದರೂ ನಡೆಯುತ್ತದೆ.

ಮಿಡಿತದ ಅವಧಿ ಸಣ್ಣ ವಿಷಯವಲ್ಲ. ಐರೋಪ್ಯ ಮಾನದಂಡವಾದ ಇಎನ್ 50136 ಅಲಾರಂ ಸಂಪರ್ಕಗಳನ್ನು ದರ್ಜೆಗಳಾಗಿ ವಿಂಗಡಿಸುತ್ತದೆ. ಒಂದೇ ದಾರಿಯ ಸಂಪರ್ಕಗಳಲ್ಲಿ ಎಸ್‌ಪಿ2 ದರ್ಜೆಯದು ಕಡಿದುಹೋದ ಸಂಗತಿ ವರದಿಯಾಗಲು 25 ಗಂಟೆಗಳವರೆಗೆ ಅವಕಾಶವಿದ್ದರೆ, ಎಸ್‌ಪಿ4ರಲ್ಲಿ 3 ನಿಮಿಷ, ಎಸ್‌ಪಿ6ರಲ್ಲಿ ಕೇವಲ 20 ಸೆಕೆಂಡು. ಪೆಟ್ಟಿಗೆಯ ಮೇಲೆ 'ಸಿಮ್ ಸಹಿತ' ಎಂದು ಒಂದೇ ರೀತಿ ಮುದ್ರಿಸಿದ ಎರಡು ಉಪಕರಣಗಳ ನಡುವೆ ಇಷ್ಟು ಅಂತರ ಇರಬಹುದು. ಎರಡು ದಾರಿಗಳ ವ್ಯವಸ್ಥೆಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮುಖ್ಯ ದಾರಿ ಸರಿಯಾಗಿರುವಷ್ಟು ಕಾಲ ಬದಲಿ ದಾರಿಯನ್ನು ಬಹಳ ವಿರಳವಾಗಿ ಪರೀಕ್ಷಿಸಿದರೂ ನಿಯಮಕ್ಕೆ ಅಡ್ಡಿಯಿಲ್ಲ. ಆದ್ದರಿಂದ ಬದಲಿ ದಾರಿಯ ಮಿಡಿತ ಎಷ್ಟು ಹೊತ್ತಿಗೊಮ್ಮೆ ಎಂದು ಪ್ರತ್ಯೇಕವಾಗಿ ಕೇಳಿ, ಬರವಣಿಗೆಯಲ್ಲಿ ಪಡೆಯಿರಿ. ಹೀಗೆ ಹೇಳುವುದಕ್ಕೆ ನನ್ನ ಸ್ವಂತ ಅನುಭವವೇ ಕಾರಣ. ಒಮ್ಮೆ ಪರೀಕ್ಷೆಗೆಂದು ರೂಟರಿನ ಪ್ಲಗ್ ಕಿತ್ತ ದಿನ, ನಮ್ಮ ಪ್ಯಾನೆಲ್ಲಿನ ಸಿಮ್ ನಾಲ್ಕು ತಿಂಗಳ ಹಿಂದೆಯೇ ಸ್ಥಗಿತಗೊಂಡಿತ್ತೆಂದು ತಿಳಿಯಿತು. ಅಷ್ಟೂ ತಿಂಗಳು ನಾವು ಎರಡು ದಾರಿಗಳಿಗೆ ಹಣ ಕಟ್ಟಿ ಒಂದನ್ನೇ ನಂಬಿ ಮಲಗಿದ್ದೆವು.

ಇನ್ನು ನಿಮ್ಮ ಲ್ಯಾಂಡ್‌ಲೈನ್ ವಿಚಾರ. ತಾಮ್ರದ ತಂತಿಗೆ ದೂರವಾಣಿ ವಿನಿಮಯ ಕೇಂದ್ರದಿಂದಲೇ 48 ವೋಲ್ಟ್ ವಿದ್ಯುತ್ತು ಬರುತ್ತಿದ್ದುದರಿಂದ ಮನೆಯ ಕರೆಂಟು ಹೋದರೂ ಫೋನು ಬದುಕಿರುತ್ತಿತ್ತು. ಫೈಬರ್ ಎಳೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲ; ಫೈಬರ್ ಬಂದು ಸೇರುವ ಮನೆಯೊಳಗಿನ ಒಎನ್‌ಟಿ ಪೆಟ್ಟಿಗೆ ಮತ್ತು ರೂಟರು ನಿಮ್ಮ ಗೋಡೆಯ ಪ್ಲಗ್ಗನ್ನೇ ನೆಚ್ಚಿಕೊಂಡಿವೆ. ಫೈಬರ್ ಪೆಟ್ಟಿಗೆಯಲ್ಲೂ ಫೋನಿನ ರಂಧ್ರ ಇದೆ, ಹಳೆಯ ಪ್ಯಾನೆಲ್ಲಿನ ತಂತಿಯನ್ನು ಅದಕ್ಕೇ ಸಿಕ್ಕಿಸಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಹಳೆಯ ಪ್ಯಾನೆಲ್ಲುಗಳಲ್ಲಿ ಬಹಳಷ್ಟು ಕಾಂಟ್ಯಾಕ್ಟ್ ಐಡಿ ಎಂಬ ಕ್ರಮದಲ್ಲಿ ಮಾತಾಡುತ್ತವೆ. ಕೇಂದ್ರದ ಯಂತ್ರ 1400 ಮತ್ತು 2300 ಹರ್ಟ್ಸ್‌ಗಳ ಎರಡು ನಾದಗಳನ್ನು ನುಡಿಸಿದ ಮೇಲೆ ಪ್ಯಾನೆಲ್ 16 ಅಂಕಿಗಳನ್ನು ಫೋನಿನ ಗುಂಡಿ ಒತ್ತಿದ ಸದ್ದಿನ ರೂಪದಲ್ಲಿ ಕಳಿಸುತ್ತದೆ. ಮನುಷ್ಯರ ಮಾತನ್ನು ಕುಗ್ಗಿಸಿ ತುಂಡುತುಂಡಾಗಿ ಸಾಗಿಸುವ ಇಂಟರ್ನೆಟ್ ದೂರವಾಣಿಯಲ್ಲಿ ಈ ನಾದಗಳು ವಿರೂಪಗೊಳ್ಳಬಹುದು. ಇಂದು ತಲುಪಿದ ಸುದ್ದಿ ನಾಳೆ ತಲುಪುತ್ತದೆಂಬ ಭರವಸೆ ಇರುವುದಿಲ್ಲ.

ಹೀಗಾಗಿ ನಿಮ್ಮ ಅಲಾರಂ ಅಳವಡಿಸಿದವರ ಸಲಹೆಯೇ ಸರಿ: ಬ್ರಾಡ್‌ಬ್ಯಾಂಡ್ ಮತ್ತು ಸಿಮ್ ಎರಡೂ ಇರಲಿ. ಆದರೆ ಅವರು ಹೇಳದೆ ಬಿಟ್ಟ ಮಾತೊಂದಿದೆ. ಬ್ರಾಡ್‌ಬ್ಯಾಂಡ್ ಕೊಡುವ ಕಂಪನಿಯದೇ ಸಿಮ್ ಹಾಕಿಸಿದರೆ ಎರಡು ಹಗ್ಗಗಳನ್ನು ಒಂದೇ ಗೂಟಕ್ಕೆ ಕಟ್ಟಿದಂತಾಗುತ್ತದೆ. 2022ರ ಜುಲೈ 8ರಂದು ಕೆನಡಾದ ರಾಜರ್ಸ್ ಜಾಲ ಕುಸಿದಾಗ ಅದರ ಮೊಬೈಲ್ ಸೇವೆ ಮತ್ತು ಮನೆಗಳ ಇಂಟರ್ನೆಟ್ ಒಟ್ಟಿಗೇ ನಿಂತವು. 2023ರ ನವೆಂಬರ್ 8ರಂದು ಆಸ್ಟ್ರೇಲಿಯಾದ ಆಪ್ಟಸ್ ಜಾಲದಲ್ಲೂ ಹೀಗೆಯೇ ಆಯಿತು. ಆ ದಿನಗಳಲ್ಲಿ ಎರಡೂ ಸಂಪರ್ಕಗಳನ್ನು ಒಂದೇ ಕಂಪನಿಯಿಂದ ಪಡೆದಿದ್ದವರಿಗೆ ಬದಲಿ ದಾರಿ ಇದ್ದೂ ಇಲ್ಲದಂತಾಯಿತು. ಬೇರೆ ಕಂಪನಿಯ ಸಿಮ್ ಆಗಬೇಕು. ಸಾಧ್ಯವಿದ್ದರೆ ಒಂದು ಜಾಲ ಸಿಗದಾಗ ತಾನಾಗಿಯೇ ಮತ್ತೊಂದಕ್ಕೆ ಹೊರಳುವ ಬಹುಜಾಲದ ಸಿಮ್ ಇನ್ನೂ ಒಳ್ಳೆಯದು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸಿಮ್ಮನ್ನು ಪ್ಯಾನೆಲ್ಲಿಗೆ ಹಾಕುವವರೂ ಇದ್ದಾರೆ. ತಿಂಗಳುಗಟ್ಟಲೆ ಬಳಕೆ ಕಾಣದ ಅಥವಾ ಹಣ ತುಂಬಿಸದ ಸಂಖ್ಯೆ ರದ್ದಾಗುವ ಅಪಾಯ ಅದಕ್ಕಿದೆ.

ಸಿಮ್ಮಿನ ತಲೆಮಾರನ್ನೂ ಗಮನಿಸಬೇಕು. ಅಮೆರಿಕದ ಎಟಿ ಆ್ಯಂಡ್ ಟಿ 2022ರ ಫೆಬ್ರವರಿಯಲ್ಲಿ ತನ್ನ 3ಜಿ ಜಾಲವನ್ನು ಮುಚ್ಚಿತು. ಆಸ್ಟ್ರೇಲಿಯಾದ ಟೆಲ್‌ಸ್ಟ್ರಾ 2024ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಹಾಗೆ ಮುಚ್ಚಿದ ಕಡೆಗಳಲ್ಲೆಲ್ಲ 3ಜಿ ಮೋಡೆಮ್ (ಸಿಮ್ ಮೂಲಕ ಪ್ಯಾನೆಲ್ಲನ್ನು ಮೊಬೈಲ್ ಜಾಲಕ್ಕೆ ಸೇರಿಸುವ ಭಾಗ) ಇದ್ದ ಅಲಾರಂಗಳಿಗೆ ಹೊಸ ಮೋಡೆಮ್ ಬೇಕಾಯಿತು. ಹಳೆಯ ದಾಸ್ತಾನು ಅಗ್ಗವಾಗಿ ಸಿಗುತ್ತದೆಂದು 2ಜಿ ಅಥವಾ 3ಜಿ ಮೋಡೆಮ್ ಕೊಳ್ಳಬೇಡಿ. 4ಜಿ ಮೋಡೆಮ್ ಇರಲಿ, ಮತ್ತು ಪ್ಯಾನೆಲ್ಲನ್ನು ಹಾಗೆಯೇ ಉಳಿಸಿಕೊಂಡು ಮೋಡೆಮ್ ಭಾಗವನ್ನಷ್ಟೇ ಮುಂದೆ ಬದಲಿಸಲು ಬರುತ್ತದೆಯೇ ಎಂದು ವಿಚಾರಿಸಿ.

ಸಿಮ್ ಒಂದೇ ಸಾಕು ಎಂದವರ ಮಾತನ್ನೂ ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ರೂಟರನ್ನು ಆಗಾಗ ಆರಿಸುವ, ಪಾಸ್‌ವರ್ಡ್ ಬದಲಿಸಿ ಮರೆಯುವ ಮನೆಗಳಲ್ಲಿ ಬ್ರಾಡ್‌ಬ್ಯಾಂಡಿಗಿಂತ ಸಿಮ್ಮೇ ನಂಬಿಗಸ್ತ. ಆದರೆ ಹಗಲಿನಲ್ಲಿ ಒಬ್ಬರೇ ಇರುವ ತಾಯಿಯವರ ತುರ್ತು ಗುಂಡಿಯೂ ಇದೇ ದಾರಿಯಲ್ಲಿ ಸುದ್ದಿ ಕಳಿಸಬೇಕಾಗಿರುವುದರಿಂದ ನಿಮ್ಮ ಮನೆಗೆ ಒಂದೇ ದಾರಿ ಸಾಲದು.

ಎರಡು ದಾರಿಗಳಿದ್ದೂ ಕರೆಂಟು ಹೋದಾಗ ಎರಡೂ ಕೈಕೊಡುವುದುಂಟು. ರೂಟರು ಮತ್ತು ಒಎನ್‌ಟಿ ಎರಡಕ್ಕೂ ಯುಪಿಎಸ್ ಬೇಕು. ಒಂದಕ್ಕೆ ಕೊಟ್ಟು ಇನ್ನೊಂದನ್ನು ಮರೆತವರನ್ನು ಬೇಕಾದಷ್ಟು ಕಂಡಿದ್ದೇನೆ. ಪ್ಯಾನೆಲ್ಲಿನೊಳಗಿನ ಬ್ಯಾಟರಿಯ ಲೆಕ್ಕವನ್ನು ನೀವೇ ಹಾಕಬಹುದು. ಸಾಮಾನ್ಯವಾಗಿ ಅಲ್ಲಿ 12 ವೋಲ್ಟಿನ, 7 ಆಂಪಿಯರ್-ಗಂಟೆಯ ಬ್ಯಾಟರಿ ಇರುತ್ತದೆ. ಪ್ಯಾನೆಲ್, ಕೀಪ್ಯಾಡ್, ಸೆನ್ಸರುಗಳೆಲ್ಲ ಸೇರಿ 150 ಮಿಲಿಆಂಪಿಯರ್ ಎಳೆಯುತ್ತವೆಂದುಕೊಂಡರೆ ಕಾಗದದ ಮೇಲೆ ಸುಮಾರು 46 ಗಂಟೆ ಬರುತ್ತದೆ. ಹೊಸದಾಗಿ ಸೇರಿಸಿದ ಮೋಡೆಮ್ ಇನ್ನೊಂದು 100 ಮಿಲಿಆಂಪಿಯರ್ ಎಳೆದರೆ ಅದು 28 ಗಂಟೆಗೆ ಇಳಿಯುತ್ತದೆ. ಬ್ಯಾಟರಿ ನಾಲ್ಕು ವರ್ಷ ಹಳೆಯದಾಗಿ ಅರ್ಧ ಶಕ್ತಿ ಕಳೆದುಕೊಂಡಿದ್ದರೆ 14 ಗಂಟೆ. ಸೈರನ್ ಕೂಗಿದರೆ ಇನ್ನೂ ಕಡಿಮೆ. ಈ ಜಾತಿಯ ಬ್ಯಾಟರಿಗಳ ಆಯುಸ್ಸು ಮೂರರಿಂದ ಐದು ವರ್ಷ. ನಿಮ್ಮ ವ್ಯವಸ್ಥೆಗೆ ಎಂಟು ವರ್ಷವಾಗಿದೆ ಎಂದು ಬರೆದಿದ್ದೀರಿ, ಬ್ಯಾಟರಿ ಬದಲಿಸಿದ ಮಾತು ಪತ್ರದಲ್ಲಿಲ್ಲ. ಮೋಡೆಮ್ ಹಾಕಿಸುವ ದಿನವೇ ಅದನ್ನೂ ಬದಲಿಸಿ, ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ.

ಆ್ಯಪ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸಭೆಯಲ್ಲಿ ಕುಳಿತಾಗ, ನಿದ್ದೆಯಲ್ಲಿದ್ದಾಗ, ವಿಮಾನದಲ್ಲಿದ್ದಾಗ ನಿಮ್ಮ ಫೋನಿಗೆ ಬಂದ ಸೂಚನೆಯನ್ನು ನೋಡುವವರು ಯಾರು? ಎಸ್‌ಎಂಎಸ್ ಕೂಡ ನಡುವೆ ಎಲ್ಲೋ ತಂಗಿ ತಡವಾಗಿ ಬರಬಹುದು. ಆ್ಯಪ್ ನಿಮಗೆ ತಿಳಿಯಲೆಂದು ಇರಲಿ. ಕೇಂದ್ರದ ಕೆಲಸ ಅದರಿಂದ ಆಗುವುದಿಲ್ಲ.

ಎಲ್ಲವನ್ನೂ ಅಳವಡಿಸಿದ ದಿನ, ತಂತ್ರಜ್ಞರು ಹೊರಡುವ ಮುನ್ನ, ಅವರ ಎದುರಿಗೇ ಪರೀಕ್ಷೆ ಮಾಡಿಸಿ. ಮೊದಲು ಕೇಂದ್ರಕ್ಕೆ ಕರೆ ಮಾಡಿ ಖಾತೆಯನ್ನು ಪರೀಕ್ಷಾ ಸ್ಥಿತಿಯಲ್ಲಿಡಲು ಹೇಳಿ, ಇಲ್ಲದಿದ್ದರೆ ಮನೆ ಮುಂದೆ ಪೊಲೀಸರು ಬಂದು ನಿಂತಾರು. ಅನಂತರ ರೂಟರಿನ ಪ್ಲಗ್ ಕಿತ್ತು ತಾಯಿಯವರ ಗುಂಡಿಯನ್ನು ಒತ್ತಿ, ಸುದ್ದಿ ಎಷ್ಟು ಸೆಕೆಂಡಿನಲ್ಲಿ ಯಾವ ದಾರಿಯಿಂದ ಬಂತೆಂದು ಕೇಂದ್ರದವರಿಂದಲೇ ಕೇಳಿ ತಿಳಿಯಿರಿ. ರೂಟರನ್ನು ಮತ್ತೆ ಜೋಡಿಸಿ, ಮೋಡೆಮ್ಮಿನ ಆಂಟೆನಾ ಬಿಚ್ಚಿ ಇದನ್ನೇ ಪುನಃ ಮಾಡಿ. ಕೊನೆಗೆ ಎರಡನ್ನೂ ತೆಗೆದು ಸುಮ್ಮನೆ ಕುಳಿತುಕೊಳ್ಳಿ. ಹೇಳಿದ ಅವಧಿಯೊಳಗೆ ಕೇಂದ್ರದಿಂದ ನಿಮಗೆ ಕರೆ ಬರಬೇಕು. ಮೂರರಲ್ಲಿ ಇದೇ ಮುಖ್ಯವಾದ ಪರೀಕ್ಷೆ. ಇದನ್ನು ಮಾಡಲು ಹಿಂದೆಮುಂದೆ ನೋಡುವ ತಂತ್ರಜ್ಞರಿಗೆ ಉಳಿದ ಹಣವನ್ನು ಕೊಡುವ ಆತುರ ಬೇಡ.

ಪ್ರಶ್ನೆ: ನಮ್ಮ ಪ್ಯಾನೆಲ್ ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಕಬ್ಬಿಣದ ಪೆಟ್ಟಿಗೆಯೊಳಗಿದೆ. ಅಲ್ಲಿ ನನ್ನ ಮೊಬೈಲಿಗೆ ಎರಡು ಕಡ್ಡಿ ಸಿಗ್ನಲ್ ಬರುತ್ತದೆ, ಅಷ್ಟು ಸಾಕು ಎಂದು ತಂತ್ರಜ್ಞರು ಹೇಳಿದರು. ಸಾಕೇ? ಕಳ್ಳ ಸಿಗ್ನಲ್ ತಡೆಯುವ ಜಾಮರ್ ತಂದರೆ ಏನು ಗತಿ?

ಉತ್ತರ: ಕಡ್ಡಿಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ; ಒಂದೊಂದು ತಯಾರಕರು ಒಂದೊಂದು ರೀತಿಯಲ್ಲಿ ಅವನ್ನು ತೋರಿಸುತ್ತಾರೆ. ಅಲ್ಲದೆ ನಿಮ್ಮ ಫೋನಿನ ಕಂಪನಿ ಬೇರೆ, ಪ್ಯಾನೆಲ್ಲಿನ ಸಿಮ್ ಬೇರೆ ಇರಬಹುದು. ಪ್ಯಾನೆಲ್ಲಿನ ಮೋಡೆಮ್ಮೇ ಅಳೆದು ಹೇಳುವ ಡಿಬಿಎಂ ಸಂಖ್ಯೆಯನ್ನು, ಅಂದರೆ ಸಿಗ್ನಲ್ಲಿನ ಬಲದ ಅಳತೆಯನ್ನು, ಕೇಳಿ. 4ಜಿಯಲ್ಲಿ ಆರ್‌ಎಸ್‌ಆರ್‌ಪಿ ಎಂಬ ಅಳತೆ ಮೈನಸ್ 90ರ ಆಸುಪಾಸಿನಲ್ಲಿದ್ದರೆ ನೆಮ್ಮದಿ, ಮೈನಸ್ 110ಕ್ಕಿಂತ ಕೆಳಗಿಳಿದರೆ ಅದನ್ನು ನೆಚ್ಚುವಂತಿಲ್ಲ. ಪ್ರತಿ 10 ಡಿಬಿಎಂ ಇಳಿಕೆಯೆಂದರೆ ಶಕ್ತಿ ಹತ್ತರಲ್ಲೊಂದು ಪಾಲಾದಂತೆ, ಆದ್ದರಿಂದ ಸಂಖ್ಯೆಯಲ್ಲಿ ಕಾಣುವ ಸಣ್ಣ ವ್ಯತ್ಯಾಸ ನಿಜದಲ್ಲಿ ದೊಡ್ಡದು. ಕಬ್ಬಿಣದ ಪೆಟ್ಟಿಗೆಯೊಳಗೆ ಆಂಟೆನಾ ಇಟ್ಟು ಸಿಗ್ನಲ್ ಇಲ್ಲವೆಂದರೆ ಯಾರನ್ನು ದೂರುವುದು? ಪೆಟ್ಟಿಗೆ ಇದ್ದಲ್ಲೇ ಇರಲಿ, ತಂತಿಯುಳ್ಳ ಆಂಟೆನಾವನ್ನು ಮಾತ್ರ ಮೇಲಿನ ಅಂತಸ್ತಿಗೆ, ಕೈಗೆಟುಕದ ಕಡೆಗೆ ಒಯ್ಯಿರಿ. ತಂತಿ ಅನಗತ್ಯವಾಗಿ ಉದ್ದವಾಗದಿರಲಿ, ಅದೂ ಸಿಗ್ನಲನ್ನು ತಿನ್ನುತ್ತದೆ.

ಜಾಮರ್ ಮೊಬೈಲ್ ಸಿಗ್ನಲ್ಲನ್ನು ಅಡಗಿಸಬಲ್ಲದು ನಿಜ, ಆದರೆ ರೂಟರಿಗೆ ಕೇಬಲ್ಲಿನಿಂದ ಜೋಡಿಸಿದ ದಾರಿಯನ್ನು ಅದು ಮುಟ್ಟಲಾರದು. ಪ್ಯಾನೆಲ್ಲನ್ನು ವೈಫೈ ಮೂಲಕ ರೂಟರಿಗೆ ಸೇರಿಸಿದ್ದರೆ ಒಂದೇ ಏಟಿಗೆ ಎರಡೂ ದಾರಿ ಹೋಗಬಹುದು, ಆದ್ದರಿಂದ ಕೇಬಲ್ಲನ್ನೇ ಎಳೆಸಿ. ಜಾಮರ್ ಹಿಡಿದ ಕಳ್ಳನಿಗಿಂತ ಸುತ್ತಿಗೆ ಹಿಡಿದ ಕಳ್ಳನೇ ನನಗೆ ಹೆಚ್ಚಿನ ಚಿಂತೆ. ಬಾಗಿಲು ತೆರೆದ ಮೇಲೆ ಮನೆಯವರು ಕೋಡ್ ಒತ್ತಲೆಂದು ಪ್ಯಾನೆಲ್ 30 ಸೆಕೆಂಡು ಕಾಯುತ್ತದೆ. ಅಷ್ಟರಲ್ಲಿ ಅದನ್ನು ಒಡೆದರೆ ಸುದ್ದಿಯೇ ಹೊರಡದು. ಇದಕ್ಕೆ ಪರಿಹಾರವಿದೆ. ಬಾಗಿಲು ತೆರೆದ ಕ್ಷಣದಲ್ಲೇ ಪ್ಯಾನೆಲ್ ಕೇಂದ್ರದ ಸರ್ವರಿಗೆ ಒಂದು ಸೂಚನೆ ಕಳಿಸುತ್ತದೆ, ನಿಗದಿತ ಅವಧಿಯಲ್ಲಿ 'ಸರಿಯಾದ ಕೋಡ್ ಬಂತು' ಎಂಬ ಎರಡನೆಯ ಸೂಚನೆ ಬಾರದಿದ್ದರೆ ಸರ್ವರೇ ಅದನ್ನು ಅಲಾರಂ ಎಂದು ಪರಿಗಣಿಸುತ್ತದೆ. ಈ ಸೌಲಭ್ಯ ನಿಮ್ಮ ಸೇವೆಯಲ್ಲಿ ಇದೆಯೇ, ಇದ್ದರೆ ಚಾಲೂ ಮಾಡಲಾಗಿದೆಯೇ ಎಂದು ಕೇಳಿ ನೋಡಿ.

ಪ್ರಶ್ನೆ: ಬ್ರಾಡ್‌ಬ್ಯಾಂಡ್ ಐದು ನಿಮಿಷ ಹೋದರೂ ಕೇಂದ್ರದಿಂದ ಕರೆ ಬರುತ್ತದೆ, ರಾತ್ರಿ ಎರಡು ಗಂಟೆಗೂ ಎಬ್ಬಿಸುತ್ತಾರೆ. ಸಂಪರ್ಕ ಕಡಿತದ ಸೂಚನೆಯನ್ನೇ ನಿಲ್ಲಿಸಬಹುದೇ?

ಉತ್ತರ: ನಿಲ್ಲಿಸಬೇಡಿ, ಹದ ಮಾಡಿಸಿ. ಒಂದು ದಾರಿ ಮಾತ್ರ ಹೋಗಿ ಇನ್ನೊಂದು ಸರಿಯಾಗಿದ್ದರೆ ಅರ್ಧ ಗಂಟೆ ಕಾದು ಸಂದೇಶ ಕಳಿಸಿದರೆ ಸಾಕು, ನಿದ್ದೆ ಕೆಡಿಸುವ ಅಗತ್ಯವಿಲ್ಲ. ಎರಡೂ ಒಟ್ಟಿಗೆ ಹೋದರೆ, ಅದರಲ್ಲೂ ಅಲಾರಂ ಚಾಲೂ ಇರುವಾಗ ಹೋದರೆ, ತಡಮಾಡದೆ ಕರೆ ಬರಲೇಬೇಕು. ನೀವು ಎತ್ತದಿದ್ದರೆ ಯಾರಿಗೆ ಮಾಡಬೇಕೆಂಬ ಎರಡನೆಯ, ಮೂರನೆಯ ಸಂಖ್ಯೆಗಳೂ ಅವರ ಬಳಿ ಇರಬೇಕು. ಈ ಎರಡು ಸಂದರ್ಭಗಳನ್ನು ಬೇರೆಬೇರೆಯಾಗಿ ನಮೂದಿಸಲು ಹೆಚ್ಚಿನ ಕೇಂದ್ರಗಳಲ್ಲಿ ಅವಕಾಶವಿರುತ್ತದೆ, ಕೇಳಿದವರಿಗಷ್ಟೇ ಮಾಡಿಕೊಡುತ್ತಾರೆ. ಇನ್ನು ರಾತ್ರಿ ಎರಡು ಗಂಟೆಗೇ ಪದೇಪದೇ ಹೋಗುತ್ತಿದ್ದರೆ ರೂಟರು ಆ ಹೊತ್ತಿಗೆ ತಾನಾಗಿಯೇ ಮರುಚಾಲನೆಗೊಳ್ಳುವಂತೆ ಯಾರಾದರೂ ಸಮಯ ನಿಗದಿ ಮಾಡಿದ್ದಾರೆಯೇ ಎಂದು ಒಮ್ಮೆ ಅದರ ಸೆಟ್ಟಿಂಗ್ಸ್ ತೆರೆದು ನೋಡಿ.